ಆದೇಶವೋ, ಸಲಹೆಯೋ? ದಕ್ಷಿಣ ಆಫ್ರಿಕಾದ ಪಬ್ಲಿಕ್ ಪ್ರೊಟೆಕ್ಟರ್ ಕಚೇರಿಯ ಮೂವತ್ತು ವರ್ಷ

1996ರ ಸೆಪ್ಟೆಂಬರ್ 6ರಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಹೊಸ ಸಂವಿಧಾನದ ಕರಡನ್ನು ಒಪ್ಪದೆ ಹಿಂದಕ್ಕೆ ಕಳಿಸಿತು. ಅದನ್ನು ಬರೆದವರು ದೇಶದ ಮೊದಲ ಮುಕ್ತ ಚುನಾವಣೆಯಲ್ಲಿ ಗೆದ್ದುಬಂದ ಪ್ರತಿನಿಧಿಗಳು. ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದವರು ಸಿರಿಲ್ ರಾಮಫೋಸಾ. ವರ್ಣಭೇದದ ಆಡಳಿತದಿಂದ ಪ್ರಜಾಪ್ರಭುತ್ವಕ್ಕೆ ದಾಟುವಾಗ ಎಲ್ಲ ಪಕ್ಷಗಳೂ ಕೂಡಿ 34 ತತ್ವಗಳಿಗೆ ಒಪ್ಪಿಕೊಂಡಿದ್ದವು. ಕರಡು ಆ ತತ್ವಗಳಿಗೆ ಹೊಂದುತ್ತದೆಯೇ ಎಂದು ನೋಡುವ ಹೊಣೆ ನ್ಯಾಯಾಲಯದ್ದು. ಕೆಲವೆಡೆ ಹೊಂದುವುದಿಲ್ಲ ಎಂದು ನ್ಯಾಯಮೂರ್ತಿಗಳು ಹೇಳಿದರು. ಅವರು ಎತ್ತಿದ ಆಕ್ಷೇಪಗಳಲ್ಲಿ ಒಂದು ಹೀಗಿತ್ತು: ಪಬ್ಲಿಕ್ ಪ್ರೊಟೆಕ್ಟರ್ ಮತ್ತು ಮಹಾಲೇಖಪಾಲರನ್ನು ಸಂಸತ್ತಿನ ಸರಳ ಬಹುಮತದಿಂದಲೇ ಹುದ್ದೆಯಿಂದ ಇಳಿಸಬಹುದು ಎಂದು ಕರಡು ಹೇಳುತ್ತದೆ; ಆಳುವ ಪಕ್ಷದ ತಪ್ಪು ಹುಡುಕಬೇಕಾದವರ ಕುರ್ಚಿ ಆಳುವ ಪಕ್ಷದ ಕೈಯಲ್ಲೇ ಇದ್ದರೆ ಅವರು ಸ್ವತಂತ್ರರಾಗಿರುವುದು ಹೇಗೆ?

ಕರಡನ್ನು ತಿದ್ದಲಾಯಿತು. ಪದಚ್ಯುತಿಗೆ ಮೂರನೇ ಎರಡರಷ್ಟು ಬಹುಮತ ಬೇಕೆಂದಾಯಿತು. ಡಿಸೆಂಬರ್ 10ರಂದು ಶಾರ್ಪ್‌ವಿಲ್‌ನಲ್ಲಿ ನೆಲ್ಸನ್ ಮಂಡೇಲಾ ಸಹಿ ಹಾಕಿದ ಸಂವಿಧಾನದಲ್ಲಿ ಇದ್ದದ್ದು ಈ ತಿದ್ದಿದ ಮಾತೇ.

ಪಬ್ಲಿಕ್ ಪ್ರೊಟೆಕ್ಟರ್ ಎಂದರೆ ಸಾರ್ವಜನಿಕರ ರಕ್ಷಕ. ಕನ್ನಡಿಗರಿಗೆ ತಿಳಿದಿರುವ ಲೋಕಾಯುಕ್ತಕ್ಕೆ ಹತ್ತಿರದ ಸಂಸ್ಥೆ. ಆದರೆ ನಮ್ಮ ಲೋಕಾಯುಕ್ತ ರಾಜ್ಯದ ಕಾಯ್ದೆಯಿಂದ ಹುಟ್ಟಿದ್ದು. ಅಲ್ಲಿಯದು ಸಂವಿಧಾನದಲ್ಲೇ ಬೇರೂರಿದ್ದು. ಪ್ರಜಾಪ್ರಭುತ್ವಕ್ಕೆ ಆಸರೆಯಾಗಿ ನಿಲ್ಲಬೇಕಾದ ಸಂಸ್ಥೆಗಳನ್ನು ಆ ಸಂವಿಧಾನದ ಒಂಬತ್ತನೇ ಅಧ್ಯಾಯ ಹೆಸರಿಸುತ್ತದೆ. ಮಾನವ ಹಕ್ಕುಗಳ ಆಯೋಗ, ಚುನಾವಣಾ ಆಯೋಗ, ಮಹಾಲೇಖಪಾಲರ ಜೊತೆ ಮೊದಲ ಸಾಲಿನಲ್ಲೇ ಇರುವುದು ಪಬ್ಲಿಕ್ ಪ್ರೊಟೆಕ್ಟರ್. 182ನೇ ವಿಧಿ ಈ ಹುದ್ದೆಗೆ ಮೂರು ಕೆಲಸಗಳನ್ನು ಕೊಡುತ್ತದೆ: ಸರ್ಕಾರದ ಯಾವುದೇ ಹಂತದಲ್ಲಿ ನಡೆದ ಅಕ್ರಮವನ್ನು ತನಿಖೆ ಮಾಡುವುದು, ವರದಿ ಕೊಡುವುದು, ಸೂಕ್ತ ಪರಿಹಾರ ಕ್ರಮ ಕೈಗೊಳ್ಳುವುದು. ನ್ಯಾಯಾಲಯದ ತೀರ್ಪುಗಳ ತಂಟೆಗೆ ಹೋಗುವಂತಿಲ್ಲ. ಅವಧಿ ಏಳು ವರ್ಷ, ಒಬ್ಬರಿಗೆ ಒಂದೇ ಸಲ. ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಬಂದರೆ ಸಾಕು. ಬಂಧಿಸುವ, ಶಿಕ್ಷಿಸುವ ಅಧಿಕಾರ ಮಾತ್ರ ಇಲ್ಲ.

ಹಾಗಾದರೆ ‘ಪರಿಹಾರ ಕ್ರಮ’ಕ್ಕೆ ಎಷ್ಟು ತೂಕ? ಮಂತ್ರಿಯೊಬ್ಬರು ಅದನ್ನು ಓದಿ ಕಪಾಟಿನಲ್ಲಿಟ್ಟರೆ ಏನಾಗುತ್ತದೆ? ಸಂವಿಧಾನ ಇದನ್ನು ಬಿಡಿಸಿ ಹೇಳಲಿಲ್ಲ. ಉತ್ತರ ಸಿಗಲು ಇಪ್ಪತ್ತು ವರ್ಷ ಹಿಡಿಯಿತು. ಈ ಕಚೇರಿಯ ಚರಿತ್ರೆ ಎಂದರೆ ಬಹುಮಟ್ಟಿಗೆ ಆ ಉತ್ತರದ ಚರಿತ್ರೆಯೇ.

ಸಂಸ್ಥೆಯ ಪೂರ್ವಾಶ್ರಮ ಅಷ್ಟೇನೂ ಚೆನ್ನಾಗಿರಲಿಲ್ಲ. 1970ರ ದಶಕದಲ್ಲಿ ವರ್ಣಭೇದದ ಸರ್ಕಾರ ತನ್ನ ಹೆಸರು ತಿದ್ದಿಕೊಳ್ಳಲು ಗುಪ್ತ ನಿಧಿಯೊಂದನ್ನು ಬಳಸಿ ಪತ್ರಿಕೆಗಳನ್ನು ಕೊಳ್ಳಲು ಹೊರಟಿತು. ‘ದಿ ಸಿಟಿಜನ್’ ಎಂಬ ದಿನಪತ್ರಿಕೆಯನ್ನು ಸರ್ಕಾರದ ಹಣದಲ್ಲೇ ಹುಟ್ಟುಹಾಕಿತು. 1978ರಲ್ಲಿ ‘ರ‍್ಯಾಂಡ್ ಡೈಲಿ ಮೇಲ್’ ಇದನ್ನು ಬಯಲಿಗೆಳೆಯಿತು. ಮಂತ್ರಿ ಕಾನಿ ಮುಲ್ಡರ್ ಅಧಿಕಾರ ಕಳೆದುಕೊಂಡರು. ಆಗ ರಾಷ್ಟ್ರಾಧ್ಯಕ್ಷರಾಗಿದ್ದ ಜಾನ್ ಫೋರ್ಸ್ಟರ್ 1979ರಲ್ಲಿ ರಾಜೀನಾಮೆ ಕೊಟ್ಟರು. ಆ ಹಗರಣದ ಬೆನ್ನಿಗೇ ಅಡ್ವೊಕೇಟ್ ಜನರಲ್ ಎಂಬ ಹೊಸ ಹುದ್ದೆಗೆ ಕಾಯ್ದೆ ಬಂತು. ಭ್ರಷ್ಟಾಚಾರದ ಆರೋಪಗಳನ್ನು ಮೊದಲು ಈ ಅಧಿಕಾರಿಯ ಮುಂದಿಡಬೇಕು, ಅವರು ಒಪ್ಪುವ ತನಕ ಪತ್ರಿಕೆಗಳು ಅಚ್ಚು ಹಾಕುವಂತಿಲ್ಲ ಎಂಬ ಕಲಮು ಮೂಲ ಮಸೂದೆಯಲ್ಲಿತ್ತು. ಪತ್ರಿಕೆಗಳು ಒಟ್ಟಾಗಿ ಪ್ರತಿಭಟಿಸಿದ ಮೇಲೆ ಅದನ್ನು ಕೈಬಿಡಬೇಕಾಯಿತು. 1991ರಲ್ಲಿ ಹುದ್ದೆಯ ಹೆಸರು ಓಂಬುಡ್ಸ್‌ಮನ್ ಎಂದಾಯಿತು. ಮಧ್ಯಂತರ ಸಂವಿಧಾನ ಮತ್ತು 1994ರ ಕಾಯ್ದೆ ಅದನ್ನು ಪೂರಾ ಹೊಸದಾಗಿ ಕಟ್ಟಿದವು. 1995ರ ಅಕ್ಟೋಬರ್ 1ರಂದು ಪಬ್ಲಿಕ್ ಪ್ರೊಟೆಕ್ಟರ್ ಕಚೇರಿ ತೆರೆಯಿತು.

ಮೊದಲು ಬಂದವರು ವಕೀಲ ಸೆಲ್ಬಿ ಬಾಕ್ವಾ. ಮೊದಲ ದೊಡ್ಡ ಪರೀಕ್ಷೆ ಒಂದು ನಾಟಕದ ರೂಪದಲ್ಲಿ ಬಂತು. ಏಡ್ಸ್ ಬಗ್ಗೆ ಅರಿವು ಮೂಡಿಸಲೆಂದು ಆರೋಗ್ಯ ಇಲಾಖೆ ಹೆಸರಾಂತ ನಾಟಕಕಾರ ಎಂಬೊಂಗೆನಿ ಎಂಗೆಮಾ ಅವರಿಂದ ‘ಸರಾಫಿನಾ 2’ ಎಂಬ ಸಂಗೀತ ನಾಟಕ ಮಾಡಿಸಿತ್ತು. ಗುತ್ತಿಗೆಯ ಮೊತ್ತ 1.4 ಕೋಟಿ ರ‍್ಯಾಂಡ್ ಮೀರಿತ್ತು. ಆಗಿನ ಆರೋಗ್ಯ ಮಂತ್ರಿ ಎನ್‌ಕೊಸಜಾನಾ ಜುಮಾ. ಟೆಂಡರ್ ಪ್ರಕ್ರಿಯೆ ಸರಿಯಾಗಿ ನಡೆದಿಲ್ಲ, ಐರೋಪ್ಯ ಒಕ್ಕೂಟದ ನೆರವಿನ ಹಣವನ್ನು ಒಕ್ಕೂಟದ ಒಪ್ಪಿಗೆಯಿಲ್ಲದೆ ಇದಕ್ಕೆ ತಿರುಗಿಸಲಾಗಿದೆ ಎಂದು 1996ರಲ್ಲಿ ಬಾಕ್ವಾ ವರದಿ ಕೊಟ್ಟರು. ವಿಮೋಚನೆಯ ಸರ್ಕಾರ ಬಂದು ಆಗಿನ್ನೂ ಎರಡು ವರ್ಷ. ಆ ಸರ್ಕಾರವನ್ನೂ ಲೆಕ್ಕ ಕೇಳಬಹುದು ಎಂದು ಹೊಸ ಕಚೇರಿ ತನ್ನ ಮೊದಲ ವರ್ಷದಲ್ಲೇ ತೋರಿಸಿದ್ದು ಸಣ್ಣ ಸಂಗತಿಯಲ್ಲ.

2002ರಲ್ಲಿ ಬಂದ ಲಾರೆನ್ಸ್ ಮುಶ್ವಾನಾ, ಆಳುವ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ (ಎಎನ್‌ಸಿ) ಸಂಸದರಾಗಿದ್ದವರು. ಅವರ ಕಾಲದ ದೊಡ್ಡ ಪ್ರಕರಣಕ್ಕೆ ಪತ್ರಿಕೆಗಳು ‘ಆಯಿಲ್‌ಗೇಟ್’ ಎಂದು ಹೆಸರಿಟ್ಟವು. ಸರ್ಕಾರಿ ತೈಲ ಸಂಸ್ಥೆ ಪೆಟ್ರೊಎಸ್‌ಎ ಖಾಸಗಿ ಕಂಪನಿಯೊಂದಕ್ಕೆ 1.5 ಕೋಟಿ ರ‍್ಯಾಂಡ್ ಮುಂಗಡ ಕೊಟ್ಟಿತ್ತು, ಅದರಲ್ಲಿ 1.1 ಕೋಟಿ 2004ರ ಚುನಾವಣೆಗೆ ಮೊದಲು ಎಎನ್‌ಸಿ ಖಾತೆಗೆ ಹೋಗಿತ್ತು ಎಂದು ‘ಮೇಲ್ ಅಂಡ್ ಗಾರ್ಡಿಯನ್’ ವಾರಪತ್ರಿಕೆ ಬರೆಯಿತು. ಹಣ ಒಮ್ಮೆ ಖಾಸಗಿ ಕಂಪನಿಯ ಕೈ ಸೇರಿದ ಮೇಲೆ ಅದು ಸಾರ್ವಜನಿಕ ಹಣವಲ್ಲ, ತನ್ನ ವ್ಯಾಪ್ತಿಗೂ ಬರುವುದಿಲ್ಲ ಎಂದು ಮುಶ್ವಾನಾ ಕಡತ ಮುಚ್ಚಿದರು. ಪತ್ರಿಕೆ ಬಿಡಲಿಲ್ಲ. 2009ರಲ್ಲಿ ಹೈಕೋರ್ಟ್ ಆ ವರದಿಯನ್ನು ರದ್ದು ಮಾಡಿತು. 2011ರಲ್ಲಿ ಮೇಲ್ಮನವಿಯ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನ್ಯಾಯಮೂರ್ತಿ ರಾಬರ್ಟ್ ನ್ಯೂಜೆಂಟ್ ಬರೆದ ತೀರ್ಪಿನ ತಿರುಳು ಇಷ್ಟು: ತನಿಖೆಗೆ ಬೇಕಾದದ್ದು ತೆರೆದ, ಪ್ರಶ್ನೆ ಕೇಳುವ ಮನಸ್ಸು, ದೂರುದಾರ ತಂದುಕೊಟ್ಟಷ್ಟನ್ನು ಮಾತ್ರ ನೋಡಿ ಕೈತೊಳೆದುಕೊಳ್ಳುವಂತಿಲ್ಲ, ಸತ್ಯ ಹುಡುಕಿಕೊಂಡು ತಾನೇ ಹೋಗಬೇಕು.

ಆ ತೀರ್ಪು ಬರುವ ಹೊತ್ತಿಗೆ ಕುರ್ಚಿಯಲ್ಲಿ ಬೇರೆಯವರಿದ್ದರು. 2009ರ ಅಕ್ಟೋಬರ್‌ನಲ್ಲಿ ಅಧಿಕಾರ ವಹಿಸಿಕೊಂಡ ತುಲಿ ಮಡೊನ್ಸೆಲಾ, ಸಂವಿಧಾನ ರಚನೆಯ ಕಾಲದಲ್ಲಿ ತಾಂತ್ರಿಕ ಸಲಹೆಗಾರರಾಗಿ ದುಡಿದಿದ್ದ ವಕೀಲೆ. ನೇಮಕದ ಪತ್ರಕ್ಕೆ ಸಹಿ ಹಾಕಿದ್ದು ಅಧ್ಯಕ್ಷ ಜೇಕಬ್ ಜುಮಾ. ಮೆಲುದನಿಯ ಈ ಮಹಿಳೆಗೆ ತಮ್ಮ ಹುದ್ದೆಯನ್ನು ವಿವರಿಸಲು ಒಂದು ಮೆಚ್ಚಿನ ಹೋಲಿಕೆಯಿತ್ತು. ಲಿಂಪೊಪೊ ಪ್ರಾಂತ್ಯದ ವೆಂಡಾ ಜನರಲ್ಲಿ ಅರಸನ ಸೋದರತ್ತೆಗೆ ಮಖಾಡ್ಜಿ ಎನ್ನುತ್ತಾರೆ. ಪ್ರಜೆಗಳ ಅಳಲನ್ನು ಅರಸನ ಕಿವಿಗೆ ಹಾಕುವುದು, ಅವನು ದಾರಿ ತಪ್ಪಿದಾಗ ಒಳಗೇ ಕೂರಿಸಿ ಹೇಳುವುದು ಆಕೆಯ ಹೊಣೆ. ಸೋದರತ್ತೆಯ ಮಾತು ಕೇಳುವ ಅರಸ ಬಹುಕಾಲ ಉಳಿಯುತ್ತಾನೆ ಎಂಬುದು ಮಡೊನ್ಸೆಲಾ ಅವರ ವಾದ. ಅವರ ಭಾಷಣಗಳಲ್ಲಿ ಮತ್ತೆಮತ್ತೆ ಬರುತ್ತಿದ್ದ ಇನ್ನೊಬ್ಬರು ‘ಗೊಗೊ ಡ್ಲಾಮಿನಿ’, ಅಂದರೆ ಡ್ಲಾಮಿನಿ ಅಜ್ಜಿ. ಪಿಂಚಣಿ ನಿಂತುಹೋದ, ಮಂಜೂರಾದ ಮನೆ ಕೈಗೆ ಬಾರದ ಯಾವುದೇ ಊರಿನ ಯಾವುದೇ ಮುದುಕಿಗೆ ಅವರು ಕೊಟ್ಟ ಹೆಸರು ಅದು. ಕಚೇರಿಗೆ ಬರುತ್ತಿದ್ದ ದೂರುಗಳಲ್ಲಿ ಹೆಚ್ಚಿನವು ಇಂಥವೇ: ಪಿಂಚಣಿ, ನಿರುದ್ಯೋಗ ವಿಮೆ, ಗುರುತಿನ ಚೀಟಿ, ಸರ್ಕಾರಿ ಮನೆ, ಕೆಲಸದಲ್ಲಿ ಗಾಯಗೊಂಡವರ ಪರಿಹಾರಧನ. ಇವು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಆದರೆ ಒಂಬತ್ತು ಪ್ರಾಂತ್ಯಗಳಲ್ಲೂ ಇರುವ ಕಚೇರಿಗಳ ಬಾಗಿಲಿಗೆ ಜನ ಬಂದದ್ದು ಇವುಗಳಿಗಾಗಿಯೇ ಎಂಬುದನ್ನು ಮರೆತರೆ ಸಂಸ್ಥೆಯ ಚಿತ್ರ ಅರ್ಧವಾಗುತ್ತದೆ.

ಮುಖಪುಟಕ್ಕೆ ಬಂದವೂ ಕಡಿಮೆಯೇನಿಲ್ಲ. ಪೊಲೀಸ್ ಕೇಂದ್ರ ಕಚೇರಿಗಾಗಿ ಪ್ರಿಟೋರಿಯಾ ಮತ್ತು ಡರ್ಬನ್‌ಗಳಲ್ಲಿ ಕಟ್ಟಡ ಬಾಡಿಗೆಗೆ ಪಡೆದದ್ದರಲ್ಲಿ ನಿಯಮ ಮುರಿಯಲಾಗಿದೆ ಎಂದು 2011ರ ವರದಿಗಳು ಹೇಳಿದವು. ಲೋಕೋಪಯೋಗಿ ಮಂತ್ರಿಯನ್ನು ಜುಮಾ ಸಂಪುಟದಿಂದ ಕೈಬಿಟ್ಟರು. ಪೊಲೀಸ್ ಮುಖ್ಯಸ್ಥ ಬೆಕಿ ಸೆಲೆ ಅಮಾನತಾಗಿ, 2012ರಲ್ಲಿ ವಜಾ ಆದರು. ಸರ್ಕಾರಿ ಖರ್ಚಿನಲ್ಲಿ ಖಾಸಗಿ ಪ್ರವಾಸ ಮಾಡಿದ ಇನ್ನೊಬ್ಬ ಮಂತ್ರಿ ಸಿಸೆಲೊ ಶಿಸೆಕಾ ಕೂಡ 2011ರಲ್ಲೇ ಹುದ್ದೆ ಕಳೆದುಕೊಂಡರು. ಸೋದರ ಸಂಸ್ಥೆಗೂ ರಿಯಾಯಿತಿ ಸಿಗಲಿಲ್ಲ: ಚುನಾವಣಾ ಆಯೋಗದ ಕೇಂದ್ರ ಕಚೇರಿಯ ಬಾಡಿಗೆ ವ್ಯವಹಾರದ ಬಗ್ಗೆ 2013ರಲ್ಲಿ ಬಂದ ವರದಿಯ ಎಳೆ ಹಿಡಿದು, ಮರುವರ್ಷ ಆಯೋಗದ ಅಧ್ಯಕ್ಷೆ ಪ್ಯಾನ್ಸಿ ಟ್ಲಾಕುಲಾ ರಾಜೀನಾಮೆ ಕೊಡುವಂತಾಯಿತು. ಅಲ್ಲಿಯವರೆಗೂ ಸರ್ಕಾರ ವರದಿಗಳನ್ನು ಒಲ್ಲದ ಮನಸ್ಸಿನಿಂದಲಾದರೂ ಪಾಲಿಸುತ್ತಿತ್ತು. ಅಧ್ಯಕ್ಷರ ಮನೆಬಾಗಿಲಿಗೆ ಬಂದಾಗ ಕಥೆ ಬದಲಾಯಿತು.

ಕ್ವಾಜುಲು-ನಟಾಲ್ ಪ್ರಾಂತ್ಯದ ಗುಡ್ಡಗಾಡಿನಲ್ಲಿರುವ ಎನ್‌ಕಾಂಡ್ಲಾ ಜುಮಾ ಅವರ ಹುಟ್ಟೂರು. ಭದ್ರತೆಯ ಹೆಸರಿನಲ್ಲಿ ಅಲ್ಲಿನ ಅವರ ಖಾಸಗಿ ಮನೆಗೆ ಸರ್ಕಾರದ ಹಣ ಹರಿಯುತ್ತಿದೆ ಎಂದು ‘ಮೇಲ್ ಅಂಡ್ ಗಾರ್ಡಿಯನ್’ 2009ರಲ್ಲೇ ಬರೆದಿತ್ತು. ಆಗ ಅದು ಹೇಳಿದ ಮೊತ್ತ 6.5 ಕೋಟಿ ರ‍್ಯಾಂಡ್. ವರ್ಷ ಕಳೆದಂತೆ ಮೊತ್ತ ಬೆಳೆಯಿತು, ನಾಗರಿಕರಿಂದಲೂ ಸಂಸದರಿಂದಲೂ ದೂರುಗಳು ಬಂದವು. ಸರ್ಕಾರ ಎನ್‌ಕಾಂಡ್ಲಾವನ್ನು ‘ರಾಷ್ಟ್ರೀಯ ಪ್ರಮುಖ ಸ್ಥಾವರ’ವೆಂದು ಘೋಷಿಸಿ, ವರ್ಣಭೇದದ ಕಾಲದ 1980ರ ಕಾಯ್ದೆಯ ಮರೆಗೆ ನಿಂತಿತು. 2013ರ ನವೆಂಬರ್‌ನಲ್ಲಿ ಭದ್ರತಾ ಖಾತೆಗಳ ಮಂತ್ರಿಗಳು ವರದಿ ಹೊರಬರದಂತೆ ಕೋರ್ಟಿಗೆ ಹೋಗಿ, ಆಮೇಲೆ ಅರ್ಜಿ ಹಿಂಪಡೆದರು. ಮನೆಯ ಫೋಟೊ ಪ್ರಕಟಿಸುವುದು ಅಪರಾಧ ಎಂದು ಎಚ್ಚರಿಕೆ ಕೊಟ್ಟರು. ಮರುದಿನ ಬೆಳಿಗ್ಗೆ ಪತ್ರಿಕೆಗಳು ಆ ಮನೆಯ ಫೋಟೊವನ್ನು ಮುಖಪುಟದಲ್ಲೇ ಹಾಕಿದವು. ಇಂಥ ಸ್ಥಾವರಗಳ ಪಟ್ಟಿಯನ್ನೇ ಬಹಿರಂಗಪಡಿಸಬೇಕೆಂದು ‘ರೈಟ್ ಟು ನೋ’ ಎಂಬ ನಾಗರಿಕ ಚಳವಳಿ ಹೈಕೋರ್ಟಿಗೆ ಹೋಗಿ 2014ರ ಡಿಸೆಂಬರ್‌ನಲ್ಲಿ ಗೆದ್ದಿತು. ಈ ಸಂಘಟನೆ 2010ರಲ್ಲಿ ಹುಟ್ಟಿದ್ದೇ ಸರ್ಕಾರಿ ಮಾಹಿತಿಯನ್ನು ಗುಪ್ತವೆಂದು ಮುಚ್ಚಿಡುವ ಮಸೂದೆಯೊಂದನ್ನು ಎದುರಿಸಲು. ಪಬ್ಲಿಕ್ ಪ್ರೊಟೆಕ್ಟರ್ ಒಬ್ಬಂಟಿಯಾಗಿ ಗೆದ್ದರು ಎಂದು ಬರೆಯುವುದು ಸುಲಭ, ಆದರೆ ಅದು ನಿಜವಲ್ಲ. ಅವರ ಹಿಂದೆ ಪತ್ರಕರ್ತರು, ವಕೀಲರು, ಹೆಸರಿಲ್ಲದ ದೂರುದಾರರು ಇದ್ದರು.

2014ರ ಮಾರ್ಚ್ 19ರಂದು ವರದಿ ಹೊರಬಂತು. ಅದಾಗಲೇ 21.5 ಕೋಟಿ ರ‍್ಯಾಂಡ್ ಖರ್ಚಾಗಿತ್ತು, ಒಟ್ಟು 24.6 ಕೋಟಿ ಆಗಬಹುದೆಂಬ ಅಂದಾಜು. ಹಿಂದಿನ ಅಧ್ಯಕ್ಷರ ಲೆಕ್ಕವನ್ನೂ ವರದಿ ಪಕ್ಕದಲ್ಲಿಟ್ಟಿತು: ಮಂಡೇಲಾ ಅವರ ಎರಡು ಮನೆಗಳಿಗೆ ಸುಮಾರು 3.2 ಕೋಟಿ, ಥಾಬೊ ಎಂಬೆಕಿ ಅವರಿಗೆ ಸುಮಾರು 1.2 ಕೋಟಿ. ಅತಿಥಿ ಕೇಂದ್ರ, ಬಯಲು ರಂಗಮಂದಿರ, ಈಜುಕೊಳ, ದನದ ಕೊಟ್ಟಿಗೆ, ಕೋಳಿಗೂಡು, ಇವುಗಳಿಗೂ ಭದ್ರತೆಗೂ ಸಂಬಂಧವಿಲ್ಲ ಎಂದು ಮಡೊನ್ಸೆಲಾ ತೀರ್ಮಾನಿಸಿದರು. ಇನ್ನೊಂದು ವಿವರ ಓದುಗರ ಗಮನಕ್ಕೆ ಬರಲೇಬೇಕು. ಈ ಹಣದ ಒಂದು ಪಾಲನ್ನು ತೆಗೆದದ್ದು ನಗರಗಳ ಹಳೆಯ ಬಡಾವಣೆಗಳ ಪುನರುಜ್ಜೀವನದ ಯೋಜನೆಯಿಂದ ಮತ್ತು ಕುಸಿಯುವ ಅಪಾಯವಿರುವ ಡಾಲೊಮೈಟ್ ನೆಲದ ಮೇಲಿನ ಕಟ್ಟಡಗಳನ್ನು ಕಾಪಾಡುವ ಯೋಜನೆಯಿಂದ. ಭದ್ರತೆಗೆ ಸೇರದ ಭಾಗದ ವೆಚ್ಚದಲ್ಲಿ ನ್ಯಾಯವಾದ ಪಾಲನ್ನು ಅಧ್ಯಕ್ಷರೇ ಕೈಯಿಂದ ಕಟ್ಟಬೇಕು ಎಂಬುದು ಪರಿಹಾರ ಕ್ರಮ.

ಜುಮಾ ಕಟ್ಟಲಿಲ್ಲ. ಸಂಸತ್ತಿನಲ್ಲಿ ಎಎನ್‌ಸಿ ಬಹುಮತದ ಸಮಿತಿ ಅವರನ್ನು ದೋಷಮುಕ್ತಗೊಳಿಸಿತು. 2014ರ ಆಗಸ್ಟ್‌ನಲ್ಲಿ ಎಕನಾಮಿಕ್ ಫ್ರೀಡಂ ಫೈಟರ್ಸ್ (ಇಎಫ್‌ಎಫ್) ಪಕ್ಷದ ಕೆಂಪು ಅಂಗಿಯ ಸಂಸದರು ‘ದುಡ್ಡು ವಾಪಸ್ ಕೊಡಿ’ ಎಂದು ಸದನದಲ್ಲೇ ಕೂಗಿದರು. ಆ ಕೂಗು ಬೀದಿಗಿಳಿಯಿತು. ಮರುವರ್ಷ ಪೊಲೀಸ್ ಮಂತ್ರಿ ನಾಥಿ ಎನ್‌ಲೆಕೊ ತಮ್ಮದೇ ವರದಿ ತಂದು, ಅದು ಈಜುಕೊಳವಲ್ಲ, ಬೆಂಕಿ ಆರಿಸಲು ಬೇಕಾದ ನೀರಿನ ಸಂಗ್ರಹ ಎಂದರು. ಅದನ್ನು ತೋರಿಸಲು ವಿಡಿಯೊ ಹಾಕಿದರು. ಸಂಸತ್ತು ಆ ವರದಿಯನ್ನೂ ಅಂಗೀಕರಿಸಿತು. ಈ ನಡುವೆ ಉಪಮಂತ್ರಿಯೊಬ್ಬರು ಮಡೊನ್ಸೆಲಾ ಅವರನ್ನು ಅಮೆರಿಕದ ಗೂಢಚಾರಿಣಿ ಎಂದರು, ಆಮೇಲೆ ಮಾತು ಹಿಂಪಡೆದರು.

‘ಪರಿಹಾರ ಕ್ರಮ’ದ ತೂಕವೆಷ್ಟು ಎಂಬ ಪ್ರಶ್ನೆಗೆ ಉತ್ತರ ಮೊದಲು ಸಿಕ್ಕಿದ್ದು ಬೇರೊಂದು ಪ್ರಕರಣದಲ್ಲಿ. ಸರ್ಕಾರಿ ಪ್ರಸಾರ ಸಂಸ್ಥೆ ಎಸ್‌ಎಬಿಸಿಯ ಹಿರಿಯ ಅಧಿಕಾರಿ ಹ್ಲೌಡಿ ಮೊಟ್ಸೊಎನೆಂಗ್ ಹತ್ತನೇ ತರಗತಿಯಾಚೆಯ ಮೆಟ್ರಿಕ್ ಪ್ರಮಾಣಪತ್ರ ತಮ್ಮಲ್ಲಿದೆ ಎಂದು ಸುಳ್ಳು ಹೇಳಿದ್ದರು ಎಂಬ ವರದಿ 2014ರ ಫೆಬ್ರವರಿಯಲ್ಲಿ ಬಂದಿತ್ತು. ಅವರ ಮೇಲೆ ಶಿಸ್ತುಕ್ರಮ ನಡೆಯಬೇಕಿದ್ದ ಹೊತ್ತಿನಲ್ಲಿ ಮಂತ್ರಿ ಅವರ ಹುದ್ದೆಯನ್ನೇ ಕಾಯಂ ಮಾಡಿದರು. ವಿರೋಧಪಕ್ಷ ಡೆಮಾಕ್ರಟಿಕ್ ಅಲಯನ್ಸ್ ಕೋರ್ಟಿಗೆ ಹೋಯಿತು. ವರದಿ ಕೋರ್ಟಿನ ತೀರ್ಪಿನಷ್ಟು ಕಡ್ಡಾಯವಲ್ಲ, ಆದರೆ ತಕ್ಕ ಕಾರಣವಿಲ್ಲದೆ ತಳ್ಳಿಹಾಕುವಂತಿಲ್ಲ ಎಂದು ಹೈಕೋರ್ಟ್ ಮಧ್ಯದ ದಾರಿ ಹಿಡಿಯಿತು. 2015ರ ಅಕ್ಟೋಬರ್‌ನಲ್ಲಿ ಮೇಲ್ಮನವಿಯ ಸುಪ್ರೀಂ ಕೋರ್ಟ್ ಆ ದಾರಿಯನ್ನು ಒಪ್ಪಲಿಲ್ಲ. ವರದಿ ಇಷ್ಟವಾಗದಿದ್ದರೆ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿ. ಅಲ್ಲಿಯವರೆಗೆ ಪಾಲಿಸಿ ಎಂದಿತು.

2016ರ ಫೆಬ್ರವರಿ 9ರಂದು ಎನ್‌ಕಾಂಡ್ಲಾ ಪ್ರಕರಣ ಸಂವಿಧಾನ ನ್ಯಾಯಾಲಯದ ಮುಂದೆ ಬಂದಾಗ, ವರದಿ ಕಡ್ಡಾಯವೆಂದು ಜುಮಾ ಪರ ವಕೀಲರೇ ಒಪ್ಪಿಕೊಂಡರು. ಮಾರ್ಚ್ 31ರ ತೀರ್ಪು ಸರ್ವಾನುಮತದ್ದು. ಮುಖ್ಯ ನ್ಯಾಯಮೂರ್ತಿ ಮೊಗೊಎಂಗ್ ಮೊಗೊಎಂಗ್ ಅದನ್ನು ಟಿವಿ ಕ್ಯಾಮೆರಾಗಳ ಮುಂದೆ ಓದಿದರು. ಪರಿಹಾರ ಕ್ರಮಕ್ಕೆ ಕಾನೂನಿನ ಬಲವಿದೆ. ಅದನ್ನು ಪಾಲಿಸದೆ ಅಧ್ಯಕ್ಷರು ಸಂವಿಧಾನವನ್ನು ಎತ್ತಿಹಿಡಿಯಲು ವಿಫಲರಾಗಿದ್ದಾರೆ. ಅವರನ್ನು ಪಾರುಮಾಡಿದ ಸಂಸತ್ತೂ ತನ್ನ ಹೊಣೆ ಮರೆತಿದೆ. ಕಟ್ಟಬೇಕಾದ ಮೊತ್ತವನ್ನು ಹಣಕಾಸು ಇಲಾಖೆ 60 ದಿನದಲ್ಲಿ ಲೆಕ್ಕ ಹಾಕಬೇಕು. ಲೆಕ್ಕವನ್ನು ನ್ಯಾಯಾಲಯ ಒಪ್ಪಿದ 45 ದಿನದೊಳಗೆ ಅಧ್ಯಕ್ಷರು ಕಟ್ಟಬೇಕು. ಲೆಕ್ಕ ಸುಮಾರು 78 ಲಕ್ಷ ರ‍್ಯಾಂಡ್ ಆಯಿತು. ಸೆಪ್ಟೆಂಬರ್‌ನಲ್ಲಿ ಜುಮಾ ಬ್ಯಾಂಕ್ ಸಾಲ ಮಾಡಿ ಕಟ್ಟಿದರು. ಅದಕ್ಕೆ ಮೊದಲು, ಏಪ್ರಿಲ್ 5ರಂದು, ಅವರ ಪದಚ್ಯುತಿಯ ಗೊತ್ತುವಳಿ ಸಂಸತ್ತಿನಲ್ಲಿ 143–233 ಮತಗಳಿಂದ ಬಿದ್ದುಹೋಗಿತ್ತು. 24.6 ಕೋಟಿಯ ಮುಂದೆ 78 ಲಕ್ಷ ಸಣ್ಣ ಮೊತ್ತ. ಆದರೆ ಅಧಿಕಾರದಲ್ಲಿರುವ ಅಧ್ಯಕ್ಷ ತನ್ನ ಜೇಬಿನಿಂದ ಸರ್ಕಾರಕ್ಕೆ ಹಣ ಹಿಂದಿರುಗಿಸಿದ್ದು ಯಾವ ದೇಶದಲ್ಲೂ ದಿನಬೆಳಗಾದರೆ ನಡೆಯುವ ಸಂಗತಿಯಲ್ಲ.

ಮಡೊನ್ಸೆಲಾ ಅವರ ಕೊನೆಯ ತನಿಖೆಗೆ ಭಾರತದ ನಂಟಿದೆ. ಉತ್ತರ ಪ್ರದೇಶದ ಸಹಾರನ್‌ಪುರದಿಂದ 1990ರ ದಶಕದಲ್ಲಿ ಹೋಗಿ ನೆಲೆಸಿದ ಗುಪ್ತಾ ಸಹೋದರರು ಜೊಹಾನ್ಸ್‌ಬರ್ಗಿನ ಸ್ಯಾಕ್ಸನ್‌ವೋಲ್ಡ್ ಬಡಾವಣೆಯ ತಮ್ಮ ಬಂಗಲೆಯಲ್ಲಿ ಕೂತು ಸಂಪುಟವನ್ನೇ ರೂಪಿಸುತ್ತಿದ್ದಾರೆ ಎಂಬುದು ಆರೋಪ. ಹಣಕಾಸು ಉಪಮಂತ್ರಿ ಎಂಸೆಬಿಸಿ ಜೋನಾಸ್, ತನಗೆ ಮಂತ್ರಿಗಿರಿಯ ಜೊತೆಗೆ 60 ಕೋಟಿ ರ‍್ಯಾಂಡ್ ಆಮಿಷ ಒಡ್ಡಿದ್ದರು ಎಂದರು, ಗುಪ್ತಾಗಳು ಅಲ್ಲಗಳೆದರು. ಕ್ಯಾಥೊಲಿಕ್ ಪಾದ್ರಿಯೊಬ್ಬರೂ ವಿರೋಧಪಕ್ಷದವರೂ ದೂರು ಕೊಟ್ಟರು. ಅವಧಿ ಮುಗಿಯಲು ಉಳಿದಿದ್ದು ಕೆಲವೇ ತಿಂಗಳು. ಮೊಬೈಲ್ ದಾಖಲೆಗಳನ್ನು ತರಿಸಿ ಜೋಡಿಸಿದಾಗ, ಸರ್ಕಾರಿ ವಿದ್ಯುತ್ ಸಂಸ್ಥೆ ಎಸ್ಕಾಂನ ಮುಖ್ಯಸ್ಥ ಬ್ರಯನ್ ಮೊಲೆಫೆ ಮತ್ತು ಅಜಯ್ ಗುಪ್ತಾ ನಡುವೆ 2015ರ ಆಗಸ್ಟ್‌ನಿಂದ 2016ರ ಮಾರ್ಚ್‌ವರೆಗೆ 58 ಕರೆಗಳು ನಡೆದಿದ್ದು ಕಂಡಿತು. 2016ರ ಅಕ್ಟೋಬರ್ 14ರಂದು, ತಮ್ಮ ಅಧಿಕಾರದ ಕೊನೆಯ ದಿನ, ಮಡೊನ್ಸೆಲಾ 355 ಪುಟಗಳ ‘ಸ್ಟೇಟ್ ಆಫ್ ಕ್ಯಾಪ್ಚರ್’ ವರದಿಗೆ ಸಹಿ ಹಾಕಿದರು. ಅದರ ಹಿಂದಿನ ದಿನವೇ ಜುಮಾ ತಡೆಯಾಜ್ಞೆಗೆ ಅರ್ಜಿ ಹಾಕಿದ್ದರು. ನವೆಂಬರ್ 2ರಂದು, ಪ್ರಿಟೋರಿಯಾದ ಬೀದಿಗಳಲ್ಲಿ ಜನ ಸೇರಿದ್ದ ಹೊತ್ತಿನಲ್ಲಿ, ಅರ್ಜಿ ಹಿಂಪಡೆಯಲಾಯಿತು. ಅದೇ ಸಂಜೆಯೊಳಗೆ ವರದಿ ಪ್ರಕಟಿಸಬೇಕೆಂದು ಹೈಕೋರ್ಟ್ ಹೇಳಿತು.

ವರದಿಯ ಪರಿಹಾರ ಕ್ರಮದಲ್ಲಿ ಒಂದು ಎಚ್ಚರವಿತ್ತು. ವಿಚಾರಣಾ ಆಯೋಗವನ್ನು ಅಧ್ಯಕ್ಷರೇ ನೇಮಿಸಬೇಕು, ಆದರೆ ಅದರ ನ್ಯಾಯಮೂರ್ತಿಯನ್ನು ಆರಿಸುವುದು ಮುಖ್ಯ ನ್ಯಾಯಮೂರ್ತಿ. ತನಿಖೆಗೆ ಒಳಗಾಗುವವರು ತನಿಖೆ ಮಾಡುವವರನ್ನು ಆರಿಸಬಾರದು. ಜುಮಾ ಇದನ್ನು ಪ್ರಶ್ನಿಸಿ 2017ರ ಡಿಸೆಂಬರ್‌ನಲ್ಲಿ ಸೋತರು, ಮರುತಿಂಗಳು ಆಯೋಗ ಘೋಷಿಸಿದರು, 2018ರ ಫೆಬ್ರವರಿ 14ರಂದು ರಾಜೀನಾಮೆ ಕೊಟ್ಟರು. ರೇಮಂಡ್ ಜೊಂಡೊ ಆಯೋಗ ನಾಲ್ಕು ವರ್ಷ ನಡೆಯಿತು. ಕೊನೆಯ ಸಂಪುಟ 2022ರ ಜೂನ್‌ನಲ್ಲಿ ಬಂತು. ಆಯೋಗದ ಮುಂದೆ ಬರಬೇಕೆಂಬ ಆದೇಶ ಮೀರಿದ್ದಕ್ಕೆ ಜುಮಾ 2021ರ ಜುಲೈನಲ್ಲಿ ಜೈಲಿಗೆ ಹೋದರು. ಅದರ ಬೆನ್ನಿಗೆ ಎದ್ದ ಗಲಭೆಯಲ್ಲಿ 350ಕ್ಕೂ ಹೆಚ್ಚು ಜನ ಸತ್ತರು. ಗುಪ್ತಾ ಸಹೋದರರಲ್ಲಿ ಇಬ್ಬರನ್ನು 2022ರಲ್ಲಿ ದುಬೈನಲ್ಲಿ ಬಂಧಿಸಲಾಯಿತಾದರೂ, ಅವರನ್ನು ಹಸ್ತಾಂತರಿಸಲು ಅಲ್ಲಿನ ನ್ಯಾಯಾಲಯ 2023ರಲ್ಲಿ ಒಪ್ಪಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಗೆಲುವಿನ ಕಥೆ. ಸಂಸ್ಥೆಯ ಚರಿತ್ರೆ ಬರೆಯುವವರು ಇಲ್ಲಿಗೆ ನಿಲ್ಲಿಸಬಾರದು.

ಮಡೊನ್ಸೆಲಾ ನಂತರ ಬಂದ ಬುಸಿಸಿವೆ ಎಂಕ್ವೆಬಾನೆ ಅವರ ಕೈಗೆ, ನ್ಯಾಯಾಲಯ ಆಗಷ್ಟೇ ಕಾನೂನಿನ ಬಲ ಕೊಟ್ಟಿದ್ದ ಅಧಿಕಾರ ಬಂತು. 2017ರ ಜೂನ್‌ನಲ್ಲಿ ಅವರು ಕೊಟ್ಟ ವರದಿ ಬ್ಯಾಂಕೊರ್ಪ್ ಎಂಬ ಬ್ಯಾಂಕಿಗೆ ವರ್ಣಭೇದದ ಕೊನೆಯ ವರ್ಷಗಳಲ್ಲಿ ರಿಸರ್ವ್ ಬ್ಯಾಂಕ್ ನೀಡಿದ ನೆರವಿನ ಬಗ್ಗೆ. ಅದನ್ನು ಕೊಂಡಿದ್ದ ಆಬ್ಸಾ ಬ್ಯಾಂಕಿನಿಂದ 112.5 ಕೋಟಿ ರ‍್ಯಾಂಡ್ ವಸೂಲಿ ಮಾಡಿ ಎಂದದ್ದರ ಜೊತೆಗೆ, ರಿಸರ್ವ್ ಬ್ಯಾಂಕಿನ ಉದ್ದೇಶವನ್ನೇ ಬದಲಿಸಲು ಸಂವಿಧಾನ ತಿದ್ದುಪಡಿ ಮಾಡಿ ಎಂದೂ ಅವರು ಸಂಸತ್ತಿಗೆ ಆದೇಶಿಸಿದರು. ರ‍್ಯಾಂಡ್ ಮೌಲ್ಯ ಕುಸಿಯಿತು. ಹೈಕೋರ್ಟ್ ವರದಿಯನ್ನು ರದ್ದು ಮಾಡಿತು. ತನಿಖೆಯ ನಡುವೆ ಅವರು ಅಧ್ಯಕ್ಷರ ಕಚೇರಿಯವರನ್ನೂ ಗುಪ್ತಚರ ಇಲಾಖೆಯವರನ್ನೂ ಭೇಟಿಯಾಗಿ, ಅದನ್ನು ಮರೆಮಾಚಿದ್ದು ಬಯಲಾಯಿತು. ಅವರು ಪ್ರಾಮಾಣಿಕವಾಗಿ ನಡೆದುಕೊಳ್ಳಲಿಲ್ಲ ಎಂದು 2019ರ ಜುಲೈ 22ರಂದು ಸಂವಿಧಾನ ನ್ಯಾಯಾಲಯದ ಬಹುಮತ ಹೇಳಿ, ವ್ಯಾಜ್ಯದ ವೆಚ್ಚದ ಶೇ 15ರಷ್ಟನ್ನು ಅವರೇ ಸ್ವಂತವಾಗಿ ಕಟ್ಟಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಎನ್‌ಕಾಂಡ್ಲಾ ತೀರ್ಪು ಬರೆದಿದ್ದ ಮೊಗೊಎಂಗ್ ಇಲ್ಲಿ ಅಲ್ಪಮತದಲ್ಲಿದ್ದರು.

ಈ ಲೇಖಕನಿಗೆ ಇನ್ನೂ ನೋವಿನದೆನಿಸುವುದು ಫ್ರೀ ಸ್ಟೇಟ್ ಪ್ರಾಂತ್ಯದ ವ್ರೇಡೆ ಎಂಬ ಸಣ್ಣ ಊರಿನ ಪ್ರಕರಣ. ಕಪ್ಪು ರೈತರನ್ನು ಪಾಲುದಾರರನ್ನಾಗಿ ಮಾಡುವ ಡೇರಿ ಯೋಜನೆಗೆಂದು ಪ್ರಾಂತ್ಯದ ಕೃಷಿ ಇಲಾಖೆ ಕೊಟ್ಟ ಹಣ ಗುಪ್ತಾ ಬಳಗದ ಕಡೆಗೆ ಹರಿಯಿತು. ರೈತರ ಕೈಗೆ ಏನೂ ಬರಲಿಲ್ಲ. 2018ರ ವರದಿಗಾಗಿ ಎಂಕ್ವೆಬಾನೆ ಆ ರೈತರನ್ನು ಮಾತಾಡಿಸಲಿಲ್ಲ, ರಾಜಕಾರಣಿಗಳ ಪಾತ್ರವನ್ನು ತನಿಖೆಯಿಂದ ಹೊರಗಿಟ್ಟರು. 2019ರಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಡ್ಲಾಮಿನಿ ಅಜ್ಜಿಯ ಹೆಸರಿನಲ್ಲಿ ನಿಂತ ಕಚೇರಿ, ಮೋಸಹೋದ ಬಡವರನ್ನೇ ಕೇಳದೆ ಕಡತ ಮುಚ್ಚಿತ್ತು.

ಆದರೆ ಇಲ್ಲೇ 2015–16ರ ತೀರ್ಪುಗಳ ಇನ್ನೊಂದು ಮುಖ ಕೆಲಸಕ್ಕೆ ಬಂತು. ವರದಿ ಬರೀ ಸಲಹೆಯಾಗಿದ್ದರೆ ತಪ್ಪು ವರದಿಯನ್ನೂ ಕಪಾಟಿಗೆ ಹಾಕಿ ಸುಮ್ಮನಿರಬಹುದಿತ್ತು. ಅದು ಕಡ್ಡಾಯವಾದ್ದರಿಂದ ಅದನ್ನು ಒಪ್ಪದವರು ಕೋರ್ಟಿಗೆ ಹೋಗಲೇಬೇಕಾಯಿತು; ಹೋದಾಗಲೆಲ್ಲ ತನಿಖೆ ಹೇಗೆ ನಡೆಯಿತು ಎಂಬುದು ತೆರೆದ ನ್ಯಾಯಾಲಯದಲ್ಲಿ ಪರೀಕ್ಷೆಗೆ ಬಂತು. ಹೊಸ ಅಧ್ಯಕ್ಷ ರಾಮಫೋಸಾ ಸಂಸತ್ತಿಗೆ ಸುಳ್ಳು ಹೇಳಿದ್ದಾರೆ ಎಂಬ 2019ರ ವರದಿ 2021ರಲ್ಲಿ ಸಂವಿಧಾನ ನ್ಯಾಯಾಲಯದಲ್ಲಿ ಬಿದ್ದುಹೋದದ್ದೂ ಹಾಗೆಯೇ: ನೀತಿಸಂಹಿತೆಯ ಮಾತನ್ನೇ ಆ ವರದಿ ಬದಲಿಸಿಕೊಂಡಿತ್ತು.

ಪದಚ್ಯುತಿಯ ದಾರಿ ಉದ್ದವಾಗಿತ್ತು, ಉದ್ದವಾಗಿದ್ದದ್ದೇ ಸರಿ. ನಿವೃತ್ತ ನ್ಯಾಯಮೂರ್ತಿ ಬೆಸ್ ಎನ್‌ಕಬಿಂಡೆ ಅವರ ಸ್ವತಂತ್ರ ಸಮಿತಿ 2021ರಲ್ಲಿ ಮೇಲ್ನೋಟದ ಸಾಕ್ಷ್ಯವಿದೆ ಎಂದಿತು. ವಿಚಾರಣೆಯಲ್ಲಿ ಪೂರ್ಣವಾಗಿ ವಕೀಲರ ನೆರವು ಪಡೆಯುವ ಹಕ್ಕು ಎಂಕ್ವೆಬಾನೆ ಅವರಿಗಿದೆ ಎಂದು 2022ರ ಫೆಬ್ರವರಿಯಲ್ಲಿ ಸಂವಿಧಾನ ನ್ಯಾಯಾಲಯವೇ ಹೇಳಿತು. ಜೂನ್‌ನಲ್ಲಿ, ರಾಮಫೋಸಾ ಅವರ ಫಾಲಾ ಫಾಲಾ ತೋಟದಿಂದ ವಿದೇಶಿ ಹಣ ಕಳುವಾದ ಪ್ರಕರಣದಲ್ಲಿ ಅವರಿಗೆ 31 ಪ್ರಶ್ನೆಗಳನ್ನು ಕಳಿಸಿದ ಬೆನ್ನಿಗೇ, ಎಂಕ್ವೆಬಾನೆ ಅಮಾನತಾದರು. ಇದು ಸೇಡಿನಂತೆ ಕಾಣುತ್ತದೆ ಎಂದ ಹೈಕೋರ್ಟಿನ ತೀರ್ಪನ್ನು 2023ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ತಳ್ಳಿಹಾಕಿತು. ಆದರೂ ಪ್ರಶ್ನೆಗೆ ಒಳಗಾದ ಅಧ್ಯಕ್ಷರೇ ಅಮಾನತಿನ ಪತ್ರಕ್ಕೆ ಸಹಿ ಹಾಕಿದ್ದು ಸಂಸ್ಥೆಗೆ ಒಳ್ಳೆಯದಾಗಿರಲಿಲ್ಲ. ಅನುಮಾನಕ್ಕೆ ಎಡೆಯಿಲ್ಲದ ಬೇರೆ ಕೈ ಬೇಕಿತ್ತು. 2023ರ ಸೆಪ್ಟೆಂಬರ್ 11ರಂದು ಮತದಾನ ನಡೆಯಿತು. 400 ಸದಸ್ಯರ ಸದನದಲ್ಲಿ ಬೇಕಿದ್ದದ್ದು 267. ಪದಚ್ಯುತಿಯ ಪರ ಬಿದ್ದದ್ದು 318, ವಿರುದ್ಧ 43. ಆಳುವ ಪಕ್ಷ, ಮುಖ್ಯ ವಿರೋಧಪಕ್ಷ ಎರಡೂ ಒಂದೇ ಕಡೆ ನಿಂತವು. 1996ರ ನ್ಯಾಯಮೂರ್ತಿಗಳು ಕೇಳಿದ್ದ ಎತ್ತರದ ಬೇಲಿಯನ್ನು ದಾಟಿಯೇ ಒಂಬತ್ತನೇ ಅಧ್ಯಾಯದ ಸಂಸ್ಥೆಯೊಂದರ ಮುಖ್ಯಸ್ಥರು ಮೊದಲ ಬಾರಿಗೆ ಹುದ್ದೆಯಿಂದ ಇಳಿದರು. ಅವರ ಅವಧಿಯಲ್ಲಿ ಉಳಿದಿದ್ದು ಒಂದು ತಿಂಗಳು.

ಹಂಗಾಮಿಯಾಗಿದ್ದ ಕೊಲೆಕಾ ಗ್ಸಲೆಕಾ ನವೆಂಬರ್‌ನಿಂದ ಪೂರ್ಣಾವಧಿಯ ಪಬ್ಲಿಕ್ ಪ್ರೊಟೆಕ್ಟರ್ ಆದರು. ಫಾಲಾ ಫಾಲಾ ಪ್ರಕರಣದಲ್ಲಿ ರಾಮಫೋಸಾ ತಪ್ಪು ಮಾಡಿಲ್ಲ, ಕಳವಿನ ತನಿಖೆಯಲ್ಲಿ ಅಧ್ಯಕ್ಷರ ಭದ್ರತಾ ಪೊಲೀಸರು ಕ್ರಮ ತಪ್ಪಿದ್ದಾರೆ ಎಂದು ಅವರು 2023ರ ಜೂನ್‌ನಲ್ಲೇ ವರದಿ ಕೊಟ್ಟಿದ್ದರು. ಅವರ ಏಳು ವರ್ಷ 2030ರಲ್ಲಿ ಮುಗಿಯುತ್ತದೆ.

ಮುಂದಿನ ನೇಮಕದ ಬಗ್ಗೆ ಈಗಲೇ ಹೇಳಬಹುದಾದ ಮಾತೊಂದಿದೆ. ಹೆಸರು ಶಿಫಾರಸು ಮಾಡಲು ಸದನದ ಶೇ 60ರಷ್ಟು ಮತ, ಅಂದರೆ 240 ಬೇಕು. 1994ರಿಂದ 2014ರವರೆಗಿನ ಐದೂ ಚುನಾವಣೆಗಳಲ್ಲಿ ಎಎನ್‌ಸಿ 240ಕ್ಕಿಂತ ಹೆಚ್ಚು ಸ್ಥಾನ ಗೆದ್ದಿತ್ತು. ಬಾಕ್ವಾ ನಂತರದ ಮೂವರನ್ನೂ ಅದು ಬೇರೆ ಯಾರನ್ನೂ ಕೇಳದೆ ಆರಿಸಬಹುದಿತ್ತು. 2019ರಲ್ಲಿ ಅದರ ಬಲ 230ಕ್ಕೆ ಇಳಿಯಿತು, 2024ರ ಮೇನಲ್ಲಿ 159ಕ್ಕೆ. ಮುಂದೆ ಆ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದನ್ನು ಪಕ್ಷಗಳು ಒಂದರೊಡನೊಂದು ಮಾತಾಡಿಯೇ ತೀರ್ಮಾನಿಸಬೇಕಾಗುತ್ತದೆ.